ಕಣ್ಣಿಲ್ಲದವರು ತೋರಿದ ದಾರಿ



ತಾಂಡೂರು ಸ್ಟೇಷನ್ನಿನಲ್ಲಿ ವಾಡಿ ಕಡೆಯ ಗಾಡಿಗೆ ಕಾದವರು ನೀವಾದರೆ, ಡಬ್ಬಿಯಿಂದ ಡಬ್ಬಿಗೆ ಹಾಡುತ್ತ ಬರುವ ಅಂಧ ಗಾಯಕರನ್ನು ಕಂಡೇ ಇರುತ್ತೀರಿ. ಒಂದು ಪದ ಕನ್ನಡದ್ದು, ಮುಂದಿನದು ತೆಲುಗಿನದು. ನಾವು ಚಿಲ್ಲರೆ ಹಾಕಿ 'ಪಾಪ' ಅನ್ನುತ್ತೇವೆ. ಅಲ್ಲಿಗೆ ನಮ್ಮ ಧರ್ಮ ಮುಗಿಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಅಂಥವನೊಬ್ಬ ಖಾತೆ ತೆರೆಯಲು ಬಂದಿದ್ದ. "ಕಣ್ಣಿದ್ದವರನ್ನ ಜೊತೆಗೆ ಕರಕೊಂಡು ಬಾರಪ್ಪಾ" ಎಂದು ಕಳಿಸಿಬಿಟ್ಟೆ. ಆತ ಮತ್ತೆ ಬರಲಿಲ್ಲ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಏಕೆಂದರೆ ಕಣ್ಣಿಲ್ಲದವರೇ ಕಣ್ಣಿದ್ದವರನ್ನು ಕೈಹಿಡಿದು ನಡೆಸಿದ ಚರಿತ್ರೆ ಕನ್ನಡ ನಾಡಿನಲ್ಲಿದೆ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಹುಟ್ಟು ಕುರುಡು, ಅಣ್ಣನಿಗೂ ಕಣ್ಣಿರಲಿಲ್ಲ. ಮಕ್ಕಳ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರ ಆಶ್ರಯದಲ್ಲಿ ಬೆಳೆದ ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು; ಮಿರಜದ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು.

ಇಷ್ಟು ಕಲಿತವರು ತಮ್ಮ ಹೊಟ್ಟೆಯಷ್ಟೇ ನೋಡಿಕೊಳ್ಳಬಹುದಿತ್ತಲ್ಲವೆ? ಹಾಗೆ ಮಾಡಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆಯುವ ಸಂಗೀತ ಶಾಲೆ ಕಟ್ಟಿದರು. ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದರು, ನಾಟಕ ಕಂಪನಿ ನಡೆಸಿದರು. ಕಡೆಗೆ ಆ ಶಾಲೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಬೇಡಿದ್ದು ನಿಜ, ಆದರೆ ತಮ್ಮ ಮಕ್ಕಳು ಬೇಡಬಾರದೆಂದು ಬೇಡಿದರು. ಬಸವರಾಜ ರಾಜಗುರು ಅಂಥವರು ಅವರ ಶಿಷ್ಯರು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರ ಹೊತ್ತವರೂ ಕಣ್ಣಿಲ್ಲದವರೇ: 1914ರಲ್ಲಿ ಹುಟ್ಟಿ, ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ಹಾಡಿದರು, ಹಲವು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು. ಕಣ್ಣಿದ್ದ ವೆಂಕಟೇಶ ಕುಮಾರ್ ಅವರ ಬಳಿ ವರ್ಷಗಟ್ಟಲೆ ಇದ್ದು ಕಲಿತರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಪುಟ್ಟರಾಜರು ಅಗಲಿದರು.

ಗದಗ ನಮಗೆ ದೂರ ಅನ್ನಬೇಡಿ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಹಾಡಿಗೆ ತಡೆ ಬೀಳಲಿಲ್ಲ. 1995ರ 'ಗಾನಯೋಗಿ ಪಂಚಾಕ್ಷರ ಗವಾಯಿ' ಕನ್ನಡ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ತೆಲುಗು ಮನೆಮಾತಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೇ ಅಲ್ಲವೆ?

ನಿಮ್ಮೂರಲ್ಲಿ ಕಣ್ಣಿಲ್ಲದ ಮಗುವಿದ್ದರೆ ರೈಲಿಗೆ ಕಳಿಸಬೇಡಿ, ಶಾಲೆಗೆ ಕಳಿಸಿ. ರೈಲಿನಲ್ಲಿ ಹಾಡುವವರು ಎದುರಾದರೆ ಚಿಲ್ಲರೆಯ ಜೊತೆಗೆ ಎರಡು ಮಾತನ್ನೂ ಆಡಿ: ಹೆಸರು ಕೇಳಿ, ಯಾರ ಹತ್ತಿರ ಕಲಿತಿರೆಂದು ಕೇಳಿ. ನಾನು ಅಂದು ಆತನ ಹೆಸರನ್ನೂ ಕೇಳಲಿಲ್ಲ.