ಗೀತಾನುಗ ವಾದ್ಯ: ಪೇಟಿಯಿಂದ ಕೀಬೋರ್ಡಿನವರೆಗೆ

ಹುಬ್ಬಳ್ಳಿಯ ದೇಶಪಾಂಡೆ ನಗರವು ಸಂಗೀತಪ್ರಿಯರಿಗೆ ಅಪರಿಚಿತವಾದ ಸ್ಥಳವಲ್ಲ. ಸವಾಯಿ ಗಂಧರ್ವರ ಹೆಸರಿನ ಸಭಾಮಂದಿರವಿರುವದು ಇಲ್ಲಿಯೇ. ಗಂಗೂಬಾಯಿ ಹಾನಗಲ್ಲರು ಬಹುಕಾಲ ವಾಸಿಸಿದ ಮನೆಯೂ ಇಲ್ಲಿಯೇ. ಈ ಬಡಾವಣೆಯ ಓಣಿಗಳಲ್ಲಿ ಈಗ ಸಾಯಂಕಾಲ ತಂಬೂರಿಯ ನಾದಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವದು ಕೀಬೋರ್ಡಿನ ಧ್ವನಿಯು. ಎಡಗೈಯಿಂದ ಮೂರು ಪಟ್ಟಿಗಳನ್ನು ಒತ್ತಿದೊಡನೆಯೇ ತಬಲೆ, ಗಿಟಾರು, ಮಂದ್ರಸ್ವರ ಇವೆಲ್ಲವೂ ತಾವಾಗಿ ಹೊರಡುವ ಈ ವಾದ್ಯಕ್ಕೆ ಅರೇಂಜರ್ ಕೀಬೋರ್ಡ್ ಎಂದೂ, ಅದರೊಳಗೆ ಮೊದಲೇ ಬರೆದಿಟ್ಟ ಹಿಮ್ಮೇಳದ ಮಾದರಿಗೆ ಸ್ಟೈಲ್ ಎಂದೂ ಹೆಸರು. ಕಾರಖಾನೆಯವರು ಕೊಟ್ಟ ಸ್ಟೈಲುಗಳಿಂದ ತೃಪ್ತರಾಗದೆ, ತಮ್ಮ ಹಾಡಿಗೆ ತಕ್ಕುದನ್ನು ತಾವೇ ಕಟ್ಟಿಕೊಳ್ಳುವ ತರುಣರೂ ಇದ್ದಾರೆ. ಇದೆಲ್ಲ ಯಂತ್ರದ ಹುಚ್ಚೆಂದು ನನ್ನ ವಯಸ್ಸಿನವರು ಮೂಗು ಮುರಿಯುವದುಂಟು. ನನಗಾದರೋ ಇದು ಬಹು ಹಳೆಯದೊಂದು ಪ್ರಶ್ನೆಯ ಹೊಸ ರೂಪವೆಂದು ತೋರುತ್ತದೆ. ವಾದ್ಯವು ಗೀತವನ್ನು ಅನುಸರಿಸಬೇಕೋ, ಗೀತವು ವಾದ್ಯವನ್ನು ಅನುಸರಿಸಬೇಕೋ ಎಂಬದೇ ಆ ಪ್ರಶ್ನೆ.

ನಮ್ಮ ಶಾಸ್ತ್ರಕಾರರು ಇದನ್ನು ಅಲಕ್ಷಿಸಿದವರಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಾದ್ಯವು ಗೀತದೊಡನೆ ಸೇರುವ ಬಗೆಯನ್ನು ತತ್ತ್ವ, ಅನುಗತ, ಓಘ ಎಂದು ಮೂರಾಗಿ ವಿಂಗಡಿಸಿದ್ದಾನೆ. ಗೀತದ ಅಕ್ಷರ, ಲಯ, ತಾಳಗಳನ್ನು ಇದ್ದಕ್ಕಿದ್ದಂತೆ ತೋರಿಸುವದು ತತ್ತ್ವ. ಅಂಶತಃ ಅನುಸರಿಸುವದು ಅನುಗತ. ಗೀತದ ಗೊಡವೆಯಿಲ್ಲದೆ ಪ್ರವಾಹದಂತೆ ಹರಿಯುವದು ಓಘ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಶುಷ್ಕ, ಗೀತಾನುಗ, ನೃತ್ತಾನುಗ, ಉಭಯಾನುಗ ಎಂದು ವಾದ್ಯವನ್ನು ನಾಲ್ಕು ಬಗೆಯಾಗಿ ಹೇಳಿದ್ದಾನೆ. ಕನ್ನಡನಾಡಿನ ಬಹುಭಾಗವು ಆಗ ಆ ಸಿಂಘಣನ ಆಳಿಕೆಯಲ್ಲಿಯೇ ಇದ್ದಿತೆಂಬದನ್ನು ಇತಿಹಾಸಪ್ರಿಯರು ಬಲ್ಲರು. ನಾವು ‘ಸಾಥ್’ ಎಂದು ಕರೆಯುವದು ಈ ಗೀತಾನುಗವೇ. ಗಾಯಕನು ಮುಂದೆ, ಸಾಥಿನವನು ಅರ್ಧ ಹೆಜ್ಜೆ ಹಿಂದೆ. ಇಲ್ಲಿ ಗಾಯಕನ ಉಸಿರೇ ಆಜ್ಞೆ.

ಈ ಮರ್ಯಾದೆಗೆ ಮೊದಲ ಪರೀಕ್ಷೆಯಾಗಿ ಬಂದದ್ದು ಪೇಟಿ, ಅಂದರೆ ಹಾರ್ಮೋನಿಯಮ್. ೧೮೪೨ರಲ್ಲಿ ಪ್ಯಾರಿಸಿನ ದೆಬೇನನು ಇದಕ್ಕೆ ಹಕ್ಕುಪತ್ರ ಪಡೆದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುತ್ತ ಇನ್ನೊಂದರಿಂದ ನುಡಿಸುವಂತೆ ಅದನ್ನು ಮಾರ್ಪಡಿಸಿದರು. ನಮ್ಮ ಕಡೆಗೆ ಅದನ್ನು ಮನೆಮಾತಾಗಿ ಮಾಡಿದವು ನಾಟಕ ಮಂಡಳಿಗಳು. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆನಿಸಿದ್ದು ಮರಾಠಿ ರಂಗಭೂಮಿಯ ಮೇಲೆ. ಗದುಗಿನ ಗರೂಡ ಸದಾಶಿವರಾಯರ ಮಂಡಳಿಯಂಥ ಕನ್ನಡ ಕಂಪನಿಗಳಲ್ಲಿಯೂ ಪೇಟಿಯಿಲ್ಲದೆ ಪದವಿಲ್ಲ. ನಟನಿಗೆ ಶ್ರುತಿ ಹಿಡಿದುಕೊಟ್ಟು, ಅವನು ಮಾತಿಗಿಳಿದಾಗ ಸುಮ್ಮನಿದ್ದು, ಮತ್ತೆ ಪದಕ್ಕೆ ಬಂದಾಗ ಕೈಹಿಡಿದೆತ್ತುವ ಪೇಟಿಯವನೇ ನಾಟಕದ ಬೆನ್ನೆಲುಬು.

ಆದರೆ ಪೇಟಿಯ ಹನ್ನೆರಡು ಸ್ವರಗಳು ನಮ್ಮ ಶ್ರುತಿಗಳಿಗೆ ಒಗ್ಗವೆಂದೂ, ಅದರಲ್ಲಿ ಮೀಂಡು ಬಾರದೆಂದೂ ಆಕ್ಷೇಪವು ಬಲವಾಗಿ, ೧೯೪೦ರಲ್ಲಿ ಆಕಾಶವಾಣಿಯು ಅದನ್ನು ಬಹಿಷ್ಕರಿಸಿತು. ಈ ನಿಷೇಧವು ಸಡಿಲಾದದ್ದು ೧೯೭೧ರಲ್ಲಿ. ಧಾರವಾಡ ಕೇಂದ್ರವು ೧೯೫೦ರಲ್ಲಿ ಆರಂಭವಾದದ್ದರಿಂದ, ಅದರ ಮೊದಲಿನ ಎರಡು ದಶಕಗಳು ಪೇಟಿಯ ಸಾಥಿಲ್ಲದೆಯೇ ಕಳೆದವು. ಆದರೂ ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆಯವರಂಥವರು ಪೇಟಿಯ ವಿದ್ಯೆಯನ್ನು ಬೆಳೆಸಿದರು. ಗಂಗೂಬಾಯಿಯವರ ತಬಲಾ ಸಾಥಿಗೆ ಮನೆಯವರೇ ಆದ ಶೇಷಗಿರಿ ಹಾನಗಲ್ಲರಿದ್ದರು. ಧ್ವನಿಯ ಸಾಥಿಗೆ ಮಗಳು ಕೃಷ್ಣಾ ಇದ್ದರು. ಒಂದೇ ಮನೆಯ ಉಸಿರಾಡಿದವರ ಸಾಥ್ ಎಂಥದಿದ್ದೀತೆಂಬದನ್ನು ಕೇಳಿದವರೇ ಬಲ್ಲರು.

ಇನ್ನು ಯಂತ್ರದ ಕಥೆ. ೧೯೫೯ರಲ್ಲಿ ಅಮೇರಿಕದ ವುರ್ಲಿಟ್ಸರ್ ಕಂಪನಿಯು ಸೈಡ್‌ಮ್ಯಾನ್ ಎಂಬ ಲಯಯಂತ್ರವನ್ನು ತಂದಿತು. ತಿರುಗುವ ತಟ್ಟೆಯೊಂದು ನಿಯತ ಸ್ಥಾನಗಳಲ್ಲಿ ವಿದ್ಯುತ್ತನ್ನು ಮುಟ್ಟಿಸಿ ಸದ್ದೆಬ್ಬಿಸುವದು ಅದರ ಕ್ರಮ. ಅದರ ನಡೆಗಳೆಲ್ಲ ಕಾರಖಾನೆಯವು. ಕೊಂಡವನಿಗೆ ಆರಿಸುವ ಹಕ್ಕೇ ಹೊರತು ರಚಿಸುವ ಹಕ್ಕಿಲ್ಲ. ೧೯೭೮ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯು ತನ್ನ ಸಿ.ಆರ್.-೭೮ ಯಂತ್ರದಲ್ಲಿ ವಾದಕನು ತನ್ನ ಲಯವನ್ನು ತಾನೇ ಬರೆದಿಡುವ ಅನುಕೂಲವನ್ನಿತ್ತಿತು. ೧೯೮೩ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವ ಮಿಡಿ ಎಂಬ ಸಂಕೇತಕ್ರಮವು ಬಂದಿತು. ನಮ್ಮವರೂ ಹಿಂದೆ ಬೀಳಲಿಲ್ಲ: ಬೆಂಗಳೂರಿನ ಜಿ. ರಾಜನಾರಾಯಣರು ರಾಡೆಲ್ ಹೆಸರಿನಲ್ಲಿ ೧೯೭೯ರ ಸುಮಾರಿಗೆ ವಿದ್ಯುತ್ ತಂಬೂರಿಯನ್ನೂ ತರುವಾಯ ತಾಳಯಂತ್ರವನ್ನೂ ತಯಾರಿಸಿದರು. ಶ್ರುತಿ, ತಾಳ, ಸ್ವರಗುಚ್ಛ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಿಡಿದು, ಎಡಗೈಯ ಆಜ್ಞೆಗೆ ಒಳಪಡಿಸಿದ್ದೇ ಅರೇಂಜರಿನ ವಿಶೇಷ.

ಈಗ ಸ್ಟೈಲಿನ ಒಳಗನ್ನು ನೋಡುವಾ. ಅದರಲ್ಲಿ ಪೀಠಿಕೆ, ಮುಖ್ಯ ನಡೆಗಳು, ನಡುನಡುವೆ ತುಂಬುವ ಫಿಲ್, ಮುಕ್ತಾಯ ಎಂದು ವಿಭಾಗಗಳು; ಪ್ರತಿಯೊಂದು ವಿಭಾಗದಲ್ಲಿ ಲಯ, ಮಂದ್ರ, ಸ್ವರಗುಚ್ಛ ಮುಂತಾದ ಭಾಗಗಳು. ಎಡಗೈಯಲ್ಲಿ ಕಾರ್ಡ್, ಅಂದರೆ ಸ್ವರಗುಚ್ಛ, ಬದಲಾದಂತೆ ಯಂತ್ರವು ಲಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸರಿಸಿ ನುಡಿಸುತ್ತದೆ. ಪಾಶ್ಚಾತ್ಯ ಪದ್ಧತಿಗೆ ಇದು ಸಹಜ. ನಮ್ಮ ರಾಗಕ್ಕೆ ಇದೇ ಕಂಟಕ. ಭೂಪಾಲಿಯಲ್ಲಿ ಮಧ್ಯಮ ನಿಷಾದಗಳು ವರ್ಜ್ಯವಷ್ಟೆ. ಮಧ್ಯಮದ ಗುಚ್ಛವನ್ನೊತ್ತಿದರೆ ಮಧ್ಯಮವೂ, ಪಂಚಮದ ಗುಚ್ಛವನ್ನೊತ್ತಿದರೆ ನಿಷಾದವೂ ಕರೆಯದೆ ಒಳಗೆ ಬರುತ್ತವೆ. ಮಾಲಕಂಸದ ಗತಿಯಂತೂ ಇನ್ನೂ ಕಷ್ಟ: ಅದರಲ್ಲಿ ಪಂಚಮವೇ ಇಲ್ಲ, ಷಡ್ಜದ ಮೇಜರ್ ಗುಚ್ಛವಾಗಲಿ ಮೈನರ್ ಗುಚ್ಛವಾಗಲಿ ಪಂಚಮವಿಲ್ಲದೆ ಆಗದು. ಬಲ್ಲ ತರುಣನು ಆದ್ದರಿಂದ ಏನು ಮಾಡುತ್ತಾನೆ? ಗುಚ್ಛದ ಭಾಗಗಳನ್ನು ಬರಿದಾಗಿಯೇ ಬಿಡುತ್ತಾನೆ. ಒಂದು ಭಾಗದಲ್ಲಿ ಷಡ್ಜ-ಮಧ್ಯಮಗಳ ತಂಬೂರಿಯನ್ನಿಟ್ಟು, ಎಡಗೈ ಏನೊತ್ತಿದರೂ ಅದು ಕದಲದಂತೆ ಕಟ್ಟುಮಾಡುತ್ತಾನೆ. ಕಾರಖಾನೆಯವನು ತುಂಬಿದ್ದನ್ನು ಖಾಲಿ ಮಾಡುವದೇ ಇಲ್ಲಿ ಮೊದಲ ವಿದ್ಯೆ. ಪೇಟಿಯ ಮೇಲಿದ್ದ ಶ್ರುತಿಯ ಆಕ್ಷೇಪಕ್ಕೂ ಕೆಲವು ಕೀಬೋರ್ಡುಗಳಲ್ಲಿ ಪರಿಹಾರವುಂಟು: ಹನ್ನೆರಡು ಸ್ವರಗಳಲ್ಲಿ ಬೇಕಾದುದನ್ನು ಕಿಂಚಿತ್ ಏರಿಸಿ ಇಳಿಸಬಹುದು. ೧೯೪೦ರಲ್ಲಿ ಹೋರಾಡಿದವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ತಾಳದ ತೊಡಕು ಇನ್ನೂ ಸೂಕ್ಷ್ಮ. ರೂಪಕದ ಏಳು ಮಾತ್ರೆಗಳು ತೀ ತೀ ನಾ, ಧೀ ನಾ, ಧೀ ನಾ ಎಂದು ಸಾಗುತ್ತವೆ. ಅದರ ಸಮ್ಮೇ ಖಾಲಿ, ಅಲ್ಲಿ ಡಗ್ಗೆಯ ಗುಂಗಿಲ್ಲ. ಪಾಶ್ಚಾತ್ಯ ಮಾದರಿಯಾದರೋ ಮೊದಲ ಪೆಟ್ಟನ್ನೇ ಎಲ್ಲಕ್ಕಿಂತ ಜೋರಾಗಿ ಬಾರಿಸುತ್ತದೆ. ತೀನತಾಳದ ಹದಿನಾರು ಮಾತ್ರೆಗಳನ್ನು ನಾಲ್ಕರ ನಾಲ್ಕು ಪಾದಗಳಾಗಿ ಬರೆಯಬೇಕಾಗುತ್ತದೆ. ಫಿಲ್‌ಗೆ ಪಾದದ ಗಡಿಯು ಗೊತ್ತು, ಆವರ್ತನದ ಗಡಿಯು ಗೊತ್ತಿಲ್ಲ. ಎರಡನೆಯ ಪಾದದಲ್ಲಿ ಫಿಲ್ ಒತ್ತಿದರೆ ತಿಹಾಯಿಯು ಸಮ್ಮಿಗೆ ಬಾರದೆ ಗಾಯಕನ ಒಂಬತ್ತನೆಯ ಮಾತ್ರೆಯಲ್ಲಿ, ಸರಿಯಾಗಿ ಖಾಲಿಯ ಮೇಲೆ, ಬಂದು ಬೀಳುತ್ತದೆ! ವಿಲಂಬಿತ ಏಕತಾಳವನ್ನು ಕಟ್ಟುವವನು ಹನ್ನೆರಡು ಮಾತ್ರೆಗಳಲ್ಲಿ ಒಂದೊಂದನ್ನೂ ನಾಲ್ಕಾಗಿ ಒಡೆದು, ೪೮ ಪೆಟ್ಟುಗಳನ್ನು ಹನ್ನೆರಡು ಪಾದಗಳಲ್ಲಿ ಹಂಚಬೇಕು. ನಿಮಿಷಕ್ಕೆ ೪೮ರ ವೇಗದಲ್ಲಿಟ್ಟರೆ ಆವರ್ತನಕ್ಕೆ ಒಂದು ನಿಮಿಷ. ಕಿರಾಣೆಯ ಚೀಜಿಗೆ ಅದು ಅಯೋಗ್ಯವಲ್ಲ.

ಇಷ್ಟಾದರೂ ಯಂತ್ರವು ಗಾಯಕನ ಮುಖವನ್ನು ನೋಡುವದಿಲ್ಲ. ಭರತನ ಮಾತಿನಲ್ಲಿ ಹೇಳುವದಾದರೆ, ಕಾರಖಾನೆಯ ಸ್ಟೈಲು ಓಘವೇ. ಇದನ್ನು ಅನುಗತದ ಕಡೆಗೆ ತಿರುಗಿಸುವ ಯುಕ್ತಿಯೊಂದು ನನಗೆ ಬಹಳ ಮೆಚ್ಚಿಕೆಯಾಗಿದೆ. ಯಾಮಾಹಾ ಸ್ಟೈಲುಗಳಲ್ಲಿ ಯಾವ ಗುಚ್ಛಕ್ಕೆ ಯಾವ ಭಾಗವು ನುಡಿಯಬೇಕು, ಯಾವುದು ಮೌನವಾಗಿರಬೇಕು ಎಂದು ಕಟ್ಟುಮಾಡಲು ಬರುತ್ತದೆ. ಮೇಜರ್ ಒತ್ತಿದರೆ ಸಾದಾ ಠೇಕೆ, ಮೈನರ್ ಒತ್ತಿದರೆ ತುಂಬಿದ ಠೇಕೆ ಎಂದು ಬರೆದಿಟ್ಟರೆ, ಎಡಗೈಯು ಸ್ವರವನ್ನು ಕೊಡುವ ಬದಲು ಸನ್ನೆಯನ್ನು ಕೊಡುತ್ತದೆ. ಗಾಯಕನು ತಬಲೆಯವನ ಕಡೆಗೆ ತಿರುಗಿ ಹುಬ್ಬೇರಿಸುತ್ತಿದ್ದನಲ್ಲ, ಆ ಸನ್ನೆ.

ಇದರಿಂದ ತಬಲೆಯವನ ಸಂಭಾವನೆಯು ಹೋಯಿತೆಂಬ ದುಃಖವು ಸುಳ್ಳಲ್ಲ. ಮೊದಲು ಮೂವರು ಬರುತ್ತಿದ್ದ ಭಜನೆಗೆ ಒಬ್ಬನೇ ಬಂದು ಹೋಗುವದನ್ನು ಕಾಣುತ್ತೇವೆ. ಆದರೆ ರೂಪಕದ ಖಾಲಿಯನ್ನು ಸರಿಯಾಗಿ ಬರೆಯಬೇಕಾದರೆ ತಬಲೆಯವನ ಬಳಿಗೇ ಹೋಗಬೇಕು. ಅವನ ಕೈಯಿಂದ ಬಾರದ ಠೇಕೆಯು ಯಂತ್ರದಿಂದಲೂ ಬಾರದು. ಅವನಿಗೆ ಅದರ ದಕ್ಷಿಣೆಯನ್ನು ಕೊಡುವ ರೂಢಿಯಿನ್ನೂ ಬಂದಿಲ್ಲ, ಬರಬೇಕು.

ಇತಿಹಾಸದ ದೃಷ್ಟಿಯಿಂದ ಇನ್ನೊಂದು ಮಾತು. ಒಂದು ಕಂಪನಿಯ ಸ್ಟೈಲನ್ನು ರೂಪಾಂತರಿಸದೆ ಇನ್ನೊಂದರ ಕೀಬೋರ್ಡು ಓದಲಾರದು. ೧೯೯೦ರ ದಶಕದಲ್ಲಿ ಫ್ಲಾಪಿ ತಟ್ಟೆಗಳಲ್ಲಿ ಬರೆದಿಟ್ಟವುಗಳನ್ನು ಓದುವ ಯಂತ್ರಗಳು ಈಗಲೇ ವಿರಳವಾಗಿವೆ. ಕೈಯಿಂದ ಕೈಗೆ ದಾಟುವ ಕಡತಗಳಲ್ಲಿ ಕಟ್ಟಿದವನ ಹೆಸರು ಉಳಿಯುವದು ಅಪರೂಪ. ನಮ್ಮ ತರುಣರು ಪ್ರತಿಯೊಂದು ಸ್ಟೈಲಿನೊಡನೆ ತಾಳ, ಲಯ, ಹಾಡು, ಠೇಕೆ ಹೇಳಿಕೊಟ್ಟವರ ಹೆಸರು, ಬರೆದ ಇಸವಿ ಇಷ್ಟನ್ನು ಒಂದು ಕಾಗದದ ವಹಿಯಲ್ಲಿಯೂ ಬರೆದಿಡಲಿ.