ತೆಪ್ಪಕಾಡಿನ ಮೇಷ್ಟ್ರುಗಳು

ಬಂಡೀಪುರ ದಾಟಿ ತಮಿಳುನಾಡಿಗೆ ಇಳಿದರೆ ಮೋಯಾರ್ ಹೊಳೆಯ ಪಕ್ಕ ತೆಪ್ಪಕಾಡು. ಅಲ್ಲಿನ ಆನೆ ಶಿಬಿರದಲ್ಲಿ ನಾವೆಲ್ಲ ಆನೆಯನ್ನೇ ನೋಡಿ ಬರುತ್ತೇವೆ, ಕಲಿಸುವವರನ್ನು ನೋಡುವುದಿಲ್ಲ.

ಮಾವುತನ ಕೈಕೆಳಗೆ ಕಾವಾಡಿ. ಸೊಪ್ಪು ತರಬೇಕು, ಹೊಳೆಯಲ್ಲಿ ಮೈ ಉಜ್ಜಬೇಕು, ರಾಗಿ, ಹುರುಳಿಯ ಉಂಡೆ ತಿನ್ನಿಸಬೇಕು. ಕರಿಹಲಗೆಯಿಲ್ಲ, ಪರೀಕ್ಷೆಯಿಲ್ಲ (ನಮ್ಮಂಥ ಮೇಷ್ಟ್ರುಗಳಿಗೆ ಹೊಟ್ಟೆಕಿಚ್ಚು ಬರುವಂಥ ಶಾಲೆ!). ಕಾಡುನಾಯಕರು, ಕುರುಂಬರು, ಇರುಳರು, ಮಲಸರು ಹೀಗೇ ತಲೆಮಾರಿನಿಂದ ತಲೆಮಾರಿಗೆ ಕೆಲಸ ದಾಟಿಸಿದ್ದಾರೆ. 2002ರಲ್ಲಿ ತೀರಿಕೊಂಡ ಆನೆ ಡಾಕ್ಟರ್ ವಿ. ಕೃಷ್ಣಮೂರ್ತಿಯವರು ಪಶುವೈದ್ಯರಾಗಿದ್ದೂ ಈ ಮಾವುತರ ಅನುಭವಕ್ಕೆ ಬೆಲೆ ಕೊಟ್ಟವರು. ಕಲಿಸುವವನಿಗೆ ಕಲಿಯುವ ಗುಣವೂ ಬೇಕಷ್ಟೆ.

2017ರಲ್ಲಿ ಸಿಕ್ಕ ತಬ್ಬಲಿ ಮರಿ ರಘುವನ್ನು ಬೊಮ್ಮನ್ ಜೊತೆ ಸಾಕಿದ ಬೆಳ್ಳಿಯಮ್ಮನಿಗೆ ಕಾವಾಡಿ ಹುದ್ದೆಯ ಆದೇಶ ಬಂದದ್ದು 2023ರಲ್ಲಿ, ಅವರ ಮೇಲಿನ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದ ಮೇಲೆ. ಅದೂ ತಾತ್ಕಾಲಿಕ! ಅದೇ ವರ್ಷ ತೆಪ್ಪಕಾಡು, ಆನಮಲೆಗಳ 13 ಮಾವುತ, ಕಾವಾಡಿಗಳನ್ನು ತರಬೇತಿಗೆಂದು ಥಾಯ್ಲೆಂಡಿಗೆ ಕಳಿಸಲು ಸರ್ಕಾರ 50 ಲಕ್ಷ ರೂಪಾಯಿ ಮಂಜೂರು ಮಾಡಿತು. ಹೋಗಿ ಬರಲಿ, ಬೇಡವೆನ್ನುವುದಿಲ್ಲ. ಆದರೆ ಇಲ್ಲಿ ವಯಸ್ಸಾದ ಮಾವುತ ನಿವೃತ್ತನಾಗುವ ಮೊದಲು ಅವನ ಬೆನ್ನಿಗೆ ನಾಲ್ಕಾರು ವರ್ಷ ಒಬ್ಬ ಹುಡುಗನನ್ನು ಬಿಡಲು ಎಷ್ಟು ಖರ್ಚಾದೀತು?