ವಿದ್ಯುಚ್ಚಾಲಕ ಬಲ ಎಂದರೇನು? ಹಳೆಯ ಸೆಲ್‌ನಿಂದ ಬಲ್ಬು ಮಂಕಾಗುವುದೇಕೆ?

ಗಡಿನಾಡಿನ ಕನ್ನಡ ಮಾಧ್ಯಮ ವಿದ್ಯಾರ್ಥಿಗಳು ಉನ್ನತ ತರಗತಿಯಲ್ಲಿ ಇಂಗ್ಲಿಷಿಗೆ ಹೊರಳಿದಾಗ ‘ಇ.ಎಂ.ಎಫ್.’ ಎಂಬುದನ್ನು ಹೊಸ ಪಾಠವೆಂದೇ ಭಾವಿಸುವುದುಂಟು. ಅದು ನಾವು ಕನ್ನಡದಲ್ಲಿ ಕಲಿಸುವ ವಿದ್ಯುಚ್ಚಾಲಕ ಬಲವೇ. ಅರ್ಥವನ್ನು ತಾಯ್ನುಡಿಯಲ್ಲಿ ಗ್ರಹಿಸಿದ ಮಗು ಮುಂದೆ ಕಲಿಯಬೇಕಾದುದು ಇನ್ನೊಂದು ಹೆಸರನ್ನಷ್ಟೇ.

ಅರ್ಥ

ಹೆಸರಿನಲ್ಲಿ ‘ಬಲ’ವಿದ್ದರೂ ಇದು ನ್ಯೂಟನ್‌ಗಳಲ್ಲಿ ಅಳೆಯುವ ಬಲವಲ್ಲ. ವಿದ್ಯುತ್ ಆಕರವೊಂದು ತನ್ನ ಮೂಲಕ ಸಾಗುವ ಪ್ರತಿ ಕೂಲಮ್ ವಿದ್ಯುದಾವೇಶಕ್ಕೆ ಒದಗಿಸುವ ಶಕ್ತಿಯೇ ವಿದ್ಯುಚ್ಚಾಲಕ ಬಲ. ಇದರ ಏಕಮಾನ ವೋಲ್ಟ್. ಕೂಲಮ್ ಒಂದಕ್ಕೆ ಒಂದು ಜೂಲ್ ಶಕ್ತಿ ದೊರೆತರೆ ಅದು ಒಂದು ವೋಲ್ಟ್. 1800ರಲ್ಲಿ ಇಟಲಿಯ ವೋಲ್ಟಾ ತಮ್ಮ ವಿದ್ಯುತ್ಕೋಶಗಳ ಸ್ತಂಭವನ್ನು ಪ್ರಕಟಿಸಿದ ಕಾಲದಲ್ಲಿ ಬಲ ಮತ್ತು ಶಕ್ತಿಗಳ ವ್ಯತ್ಯಾಸ ಸ್ಪಷ್ಟವಾಗಿರಲಿಲ್ಲ. ಹಳೆಯ ಹೆಸರು ಹಾಗೆಯೇ ಉಳಿದಿದೆ.

ಆಕರಗಳು

ಸೆಲ್‌ನಲ್ಲಿ ರಾಸಾಯನಿಕ ಕ್ರಿಯೆಯಿಂದ, ಡೈನಮೋದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯಿಂದ, ಸೌರಫಲಕದಲ್ಲಿ ಬೆಳಕಿನಿಂದ ಈ ಶಕ್ತಿ ಲಭಿಸುತ್ತದೆ. ಟಾರ್ಚಿನ ಸಾಮಾನ್ಯ ಸೆಲ್‌ನ ವಿದ್ಯುಚ್ಚಾಲಕ ಬಲ 1.5 ವೋಲ್ಟ್. ಸೀಸ-ಆಮ್ಲ ಕೋಶದ್ದು ಸುಮಾರು 2 ವೋಲ್ಟ್. ಅಂತಹ ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದಾಗ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯಾಗುತ್ತದೆ.

ವಿಭವಾಂತರದೊಂದಿಗಿನ ವ್ಯತ್ಯಾಸ

ಪ್ರತಿ ಸೆಲ್‌ಗೂ ತನ್ನದೇ ಆಂತರಿಕ ರೋಧವಿದೆ. ಪ್ರವಾಹ ಹರಿಯುವಾಗ ಶಕ್ತಿಯ ಒಂದು ಪಾಲು ಸೆಲ್‌ನೊಳಗೇ ಉಷ್ಣವಾಗಿ ವ್ಯಯವಾಗುತ್ತದೆ. ಆದ್ದರಿಂದ ಹೊರಗೆ ದೊರೆಯುವ ವಿಭವಾಂತರವು ವಿದ್ಯುಚ್ಚಾಲಕ ಬಲಕ್ಕಿಂತ ಕಡಿಮೆ:

ವಿಭವಾಂತರ = ವಿದ್ಯುಚ್ಚಾಲಕ ಬಲ – (ಪ್ರವಾಹ × ಆಂತರಿಕ ರೋಧ)

1.5 ವೋಲ್ಟ್ ಸೆಲ್‌ನ ಆಂತರಿಕ ರೋಧ 0.5 ಓಮ್, ಬಲ್ಬಿನ ರೋಧ 2.5 ಓಮ್ ಎಂದಿಟ್ಟುಕೊಳ್ಳೋಣ. ಒಟ್ಟು ರೋಧ 3 ಓಮ್, ಪ್ರವಾಹ 0.5 ಆಂಪಿಯರ್, ಬಲ್ಬಿಗೆ ದೊರೆಯುವುದು 1.25 ವೋಲ್ಟ್. ಸೆಲ್ ಹಳತಾಗಿ ಆಂತರಿಕ ರೋಧ 5 ಓಮ್‌ಗೆ ಏರಿತೆನ್ನೋಣ. ವಿದ್ಯುಚ್ಚಾಲಕ ಬಲ ಬದಲಾಗದಿದ್ದರೂ ಪ್ರವಾಹ 0.2 ಆಂಪಿಯರ್‌ಗೆ ಇಳಿಯುತ್ತದೆ. ಬಲ್ಬಿಗೆ ದೊರೆಯುವುದು 0.5 ವೋಲ್ಟ್ ಮಾತ್ರ. ಬಲ್ಬು ಮಂಕಾಗುವುದು ಇದರಿಂದಲೇ.

ಬಲ್ಬು ಜೋಡಿಸದೆ ವೋಲ್ಟ್‌ಮೀಟರ್ ಹಿಡಿದರೆ ಪ್ರವಾಹ ಅತ್ಯಲ್ಪ. ಆಗ ಕಾಣುವ ಅಳತೆ ಬಹುತೇಕ ವಿದ್ಯುಚ್ಚಾಲಕ ಬಲವೇ. ಹೀಗಾಗಿ ಸೆಲ್ ಚೆನ್ನಾಗಿದೆಯೇ ಎಂದು ತಿಳಿಯಲು ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು.

ಪೋಷಕರಿಗೆ

ಹೊಸ ಸೆಲ್, ಹಳೆಯ ಸೆಲ್, ಟಾರ್ಚ್ ಬಲ್ಬು, ಮಲ್ಟಿಮೀಟರ್ ಇದ್ದರೆ ಈ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಗೋಡೆಯ ಪ್ಲಗ್ಗಿನಲ್ಲಿ ಮಾತ್ರ ಇದನ್ನು ಮಾಡಲೇಬಾರದು. ಎರಡೂ ಅಳತೆಗಳನ್ನು ಬರೆದಿಟ್ಟು, ಅವುಗಳ ಅಂತರಕ್ಕೆ ಕಾರಣವನ್ನು ಮಕ್ಕಳೇ ಕನ್ನಡದಲ್ಲಿ ವಿವರಿಸಲಿ. ಬಳಿಕ ಟಿಪ್ಪಣಿ ಪುಸ್ತಕದಲ್ಲಿ ‘ವಿದ್ಯುಚ್ಚಾಲಕ ಬಲ’ದ ಪಕ್ಕದಲ್ಲಿ ‘ಇ.ಎಂ.ಎಫ್.’ ಎಂದೂ ಬರೆಸಿ.